ಕೋವಿ ಯಾರ ಕೈಯಲ್ಲಿರಬೇಕು?

ಒಂದು ಸೆಪ್ಟೆಂಬರ್‌ನಲ್ಲಿ ಚೆನ್ನೈನ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ, ವಿರಾಜಪೇಟೆ ಕಡೆಯ ಸಹೋದ್ಯೋಗಿಯೊಬ್ಬ ತನ್ನ ಮನೆಯ ಕೈಲ್‌ಪೊಳ್ದ್ ಹಬ್ಬದ ಫೋಟೋ ತೋರಿಸಿದ. ದೀಪದ ಮುಂದೆ ಕೋವಿ, ಅದರ ನಳಿಗೆಗೆ ಸಿಕ್ಕಿಸಿದ ತೋಕ್ ಪೂ. ತಂಡದ ತಮಿಳು ಹುಡುಗಿಗೆ ಹೂವಿನ ಗುರುತು ಸಿಕ್ಕಿತು. ಅದು ತಮಿಳುನಾಡಿನ ರಾಜ್ಯಪುಷ್ಪ, ಸೆಂಗಾಂದಳ್. ಆಮೇಲೆ ಕೇಳಿದಳು: "ಕೋವಿಗೆ ಲೈಸೆನ್ಸ್ ಇದೆಯಾ?"

"ನಮಗೆ ಲೈಸೆನ್ಸ್ ಬೇಕಿಲ್ಲ" ಎಂದ ಅವನು.

ಅವಳಿಗೆ ಆಶ್ಚರ್ಯವಾದದ್ದು ಸಹಜ. ಈ ಊರಲ್ಲಿ ಯಾರಾದರೂ ಒಂದು ರಿವಾಲ್ವರ್ ಇಟ್ಟುಕೊಳ್ಳಬೇಕೆಂದರೆ ಪೊಲೀಸ್ ಕಮಿಷನರ್‌ಗೆ ಅರ್ಜಿ ಹಾಕಬೇಕು, ಯಾಕೆ ಬೇಕೆಂದು ಹೇಳಬೇಕು, ಪೊಲೀಸ್ ವಿಚಾರಣೆ ಮುಗಿಯಬೇಕು. ಲೈಸೆನ್ಸ್ ಸಿಕ್ಕರೂ 9 ಎಂಎಂ ಪಿಸ್ತೂಲು ಸಾಮಾನ್ಯರಿಗಿಲ್ಲ, .32 ಬೋರಿನದಕ್ಕೆ ತೃಪ್ತಿಪಡಬೇಕು. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಇರಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿದಿದೆ.

ನನಗೆ ನೆನಪಾದದ್ದು ಮಾತ್ರ ಹಲಗಲಿ. ನಾನು ಬಾಗಲಕೋಟೆ ಕಡೆಯವನು. ಹಲಗಲಿ ಬೇಡರ ಲಾವಣಿ ಕೇಳುತ್ತಲೇ ಬೆಳೆದವನು. 1857ರ ದಂಗೆಯ ಭಯದಲ್ಲಿ ಕಂಪನಿ ಸರ್ಕಾರ ಆಯುಧಗಳನ್ನು ಒಪ್ಪಿಸಬೇಕೆಂದು ಕಾಯ್ದೆ ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್‌ನಲ್ಲಿ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರ್‌ನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು.

ಇದಾಗಿ ನಾಲ್ಕು ವರ್ಷವೂ ತುಂಬಿರಲಿಲ್ಲ. 1861ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿದ್ದ ಕಮಿಷನರ್ ಮಾರ್ಕ್ ಕಬ್ಬನ್, ಈ ನಿಶ್ಶಸ್ತ್ರೀಕರಣ ಕಾಯ್ದೆ ಕೊಡಗಿನವರಿಗೆ ಅನ್ವಯಿಸುವುದಿಲ್ಲ ಎಂದು ಪ್ರಕಟಿಸಿದ. ಕಾರಣ ಅವರ ಶೌರ್ಯ, ನಿಷ್ಠೆ. ಆ ನಿಷ್ಠೆಗೆ ಹಿನ್ನೆಲೆಯೂ ಇತ್ತು: 1837ರ ಅಮರ ಸುಳ್ಯ ದಂಗೆಯಲ್ಲಿ ಬ್ರಿಟಿಷರ ಪರ ನಿಂತ ಕೊಡವರಿಗೆ ಪದಕಗಳು ಸಿಕ್ಕಿದ್ದವು. ಒಂದೇ ಕಾಯ್ದೆ, ಹಲಗಲಿಗೆ ನೇಣು, ಕೊಡಗಿಗೆ ವಿನಾಯಿತಿ.

1878ರಲ್ಲಿ ಲಿಟ್ಟನ್ ತಂದ ಶಸ್ತ್ರಾಸ್ತ್ರ ಕಾಯ್ದೆಯ ಕಾಲದಲ್ಲಿ ಯುರೋಪಿಯನ್ನರಿಗೆ ವಿನಾಯಿತಿ, ಭಾರತೀಯರಿಗೆ ಲೈಸೆನ್ಸ್. ಇದನ್ನು ಸಡಿಲಿಸಬೇಕೆಂದು ಕಾಂಗ್ರೆಸ್ ಠರಾವು ಮಾಡಿದ್ದು 1887ರಲ್ಲಿ, ಇದೇ ಮದರಾಸಿನ ಅಧಿವೇಶನದಲ್ಲಿ. ಸ್ವಾತಂತ್ರ್ಯ ಬಂದ ಮೇಲೆ 1959ರಲ್ಲಿ ಹೊಸ ಕಾಯ್ದೆ ಬಂತು. ಲೈಸೆನ್ಸ್ ಉಳಿಯಿತು, ಕೊಡವರು ಮತ್ತು ಜಮ್ಮಾ ಹಿಡುವಳಿದಾರರ ವಿನಾಯಿತಿಯೂ ಮುಂದುವರಿಯಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಸದ್ಯದ ವಿನಾಯಿತಿ 2029ರವರೆಗೆ ಇದೆ.

ನನಗೆ ಪಿಸ್ತೂಲು ಬೇಡ. ಕೋಟಿ ಜನರಿರುವ ಈ ಊರಲ್ಲಿ ಬಂದೂಕುಗಳು ಕಡಿಮೆ ಇದ್ದಷ್ಟೂ ನೆಮ್ಮದಿ. ಕೊಡವರ ವಿನಾಯಿತಿಯ ಬಗ್ಗೆಯೂ ಹೊಟ್ಟೆಯುರಿ ಇಲ್ಲ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಹಾರಿಸುವ ಮನೆಗಳಿಗೆ ಕೋವಿ ಕಬ್ಬನ್ ಕೊಟ್ಟ ಬಿರುದಲ್ಲ. ಆದರೆ ಹಲಗಲಿಯವರಿಗೂ ಆಯುಧ ಹಾಗೆಯೇ ಇತ್ತು. ಬೇಟೆ ಅವರ ಅನ್ನ. ಅವರನ್ನು ಯಾರೂ "ನಿನಗೆ ಇದು ಯಾಕೆ ಬೇಕು" ಎಂದು ಕೇಳಲಿಲ್ಲ. "ನೀನು ನಮ್ಮವನೋ ಅಲ್ಲವೋ" ಎಂದಷ್ಟೇ ನೋಡಿದರು.

ಇಂದಿನ ಅರ್ಜಿಯಲ್ಲಿ ಕಾರಣ ಬರೆಯಲು ಒಂದು ಜಾಗವಿದೆ. ನಿರಾಕರಿಸಿದರೆ ಮೇಲ್ಮನವಿ ಉಂಟು. ಕಿರಿಕಿರಿಯೆನಿಸುವ ಆ ಕಾಗದಪತ್ರ ಹಲಗಲಿಯವರಿಗೆ ಸಿಕ್ಕಿರಲಿಲ್ಲ.

ಅಂದು ಸಂಜೆ ಈ ಕಥೆಯನ್ನು ಗೆಳೆಯನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಲಾವಣಿ ಕಳಿಸಿ ಸಾರ್" ಎಂದ. ಕಳಿಸಿದೆ.