ಕಣ್ಣಳಿದ ನಾಯಿ: ಕರುಣೆಯ ಚರಿತ್ರೆಯ ಒಂದು ಪುಟ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಿಲಾಶಾಸನವೊಂದು ಕನ್ನಡ ನಾಡಿನ ಚರಿತ್ರೆಯಲ್ಲಿ ಅಪೂರ್ವವಾದುದು. ಜಿನಧರ್ಮಕ್ಕೆ ಆಶ್ರಯವಿತ್ತ ಗಂಗರಸ ಇಮ್ಮಡಿ ಬೂತುಗನ ಕಾಲದ, ಕ್ರಿ.ಶ. 949-50ರ ಈ ಕಲ್ಲಿನ ಮೇಲೆ ಕಾಡುಹಂದಿಯೊಡನೆ ಸೆಣಸುತ್ತಿರುವ ನಾಯಿಯ ಚಿತ್ರವಿದೆ. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೆರನೆಂಬ ವೀರನು ಒಡೆಯನಿಂದ ಬಹುಮಾನವಾಗಿ ಬೇಡಿ ಪಡೆದ ನಾಯಿ ಅದು, ಹೆಸರು ಕಾಳಿ. ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಮಡಿದ ಮೇಲೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಡಲಾಯಿತು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಉಣ್ಣಬಾರದೆಂಬ ಕಟ್ಟಳೆಯೂ ಶಾಸನದಲ್ಲಿದೆ.

ನಾಯಿಯ ಶೌರ್ಯಕ್ಕೆ ನಮ್ಮ ಹಿರಿಯರು ಸಲ್ಲಿಸಿದ ಗೌರವ ದೊಡ್ಡದು. ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಾಳಿಯು ಹಂದಿಗೆ ಬಲಿಯಾಗದೆ ಬದುಕಿ, ಮುಪ್ಪಡರಿ, ಕಣ್ಣು ಕಳೆದುಕೊಂಡಿದ್ದರೆ ಅದರ ಗತಿಯೇನಾಗುತ್ತಿತ್ತು? ಬೇಟೆಗೆ ಒದಗದ, ಬಾಗಿಲು ಕಾಯಲಾರದ, ಒಡೆಯನ ಮುಖವನ್ನೂ ಕಾಣಲಾರದ ನಾಯಿಗೆ ಯಾರೂ ಕಲ್ಲು ನಿಲ್ಲಿಸುವುದಿಲ್ಲ. ಉಪಯೋಗವಿರುವ ತನಕ ಪ್ರಾಣಿಯನ್ನು ಪ್ರೀತಿಸುವುದು ಲೋಕರೂಢಿ. ಉಪಯೋಗ ತೀರಿದ ಮೇಲೆ ಅದರೊಡನೆ ಹೇಗೆ ನಡೆದುಕೊಳ್ಳುತ್ತೇವೆಂಬುದೇ ಧರ್ಮದ ಪರೀಕ್ಷೆ. ಈ ಪರೀಕ್ಷೆಯನ್ನು ಮನುಷ್ಯನು ಹೇಗೆ ಎದುರಿಸುತ್ತ ಬಂದಿದ್ದಾನೆಂಬುದನ್ನು ನೋಡಿದರೆ, ಕೊಲ್ಲದಿರುವುದು, ಆಶ್ರಯ ಕೊಡುವುದು, ಬದುಕಲು ನೆರವಾಗುವುದು ಎಂಬ ಮೂರು ಮೆಟ್ಟಿಲುಗಳು ಕಾಣುತ್ತವೆ.

ಶಾಸ್ತ್ರದ ದೃಷ್ಟಿ

ಜೈನ ಶಾಸ್ತ್ರಕಾರರು ಜೀವಿಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ವಿಂಗಡಿಸಿದ್ದಾರೆ. ಸ್ಪರ್ಶ, ರುಚಿ, ವಾಸನೆ, ನೋಟ, ಶ್ರವಣ ಎಂಬುದು ಅಲ್ಲಿಯ ಕ್ರಮ. ಇರುವೆಯು ಮೂರು ಇಂದ್ರಿಯಗಳ ಜೀವಿ. ಕಣ್ಣಿನ ಗಣನೆಯೇ ಇಲ್ಲದೆ ಅದರ ಸಂಸಾರ ಸಾಗುತ್ತದೆ. ನಾಯಿಯಾದರೋ ಮನಸ್ಸುಳ್ಳ ಪಂಚೇಂದ್ರಿಯ ಜೀವಿ. ಕಣ್ಣು ಹೋದ ಮಾತ್ರಕ್ಕೆ ಅದು ಕೆಳಗಿನ ವರ್ಗಕ್ಕೆ ಇಳಿಯುವುದಿಲ್ಲ. ಉಳಿದ ನಾಲ್ಕು ಇಂದ್ರಿಯಗಳೂ ಮನೋಬಲವೂ ಅದರಲ್ಲಿ ಇದ್ದೇ ಇರುತ್ತವೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಮುಖ್ಯವಾಗಿ ಎಣಿಸಿದೆ. ಪ್ರಮಾದದಿಂದ ಪ್ರಾಣಕ್ಕೆ ಘಾಸಿಯಾಗುವುದೇ ಹಿಂಸೆ. ಇಲ್ಲಿ ಪ್ರಾಣವೆಂದರೆ ಉಸಿರು ಮಾತ್ರವಲ್ಲ. ಐದು ಇಂದ್ರಿಯಗಳು, ಮೂರು ಬಲಗಳು, ಆಯುಸ್ಸು, ಉಸಿರು ಎಂಬ ಹತ್ತೂ ಪ್ರಾಣಗಳೇ. ಅಹಿಂಸಾಣುವ್ರತದ ಅತಿಚಾರಗಳಾಗಿ ಅದೇ ಗ್ರಂಥವು ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ, ಮಿತಿಮೀರಿದ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು ಎಂಬ ಐದನ್ನು ಹೆಸರಿಸುತ್ತದೆ. ಮನೆಯಲ್ಲಿ ಪ್ರಾಣಿಯನ್ನು ಸಾಕುವ ಗೃಹಸ್ಥನನ್ನು ಎದುರಿಗಿರಿಸಿಕೊಂಡೇ ಬರೆದಂತಿರುವ ಈ ಪಟ್ಟಿಯು ಕುರುಡು ನಾಯಿಯ ವಿಷಯದಲ್ಲಿ ಎಷ್ಟು ಸಾರ್ಥಕವೆಂಬುದನ್ನು ಮುಂದೆ ನೋಡಬಹುದು.

ಜೀವಂಧರ ಕುಮಾರನ ಕಥೆಯು ಓದುಗರಿಗೆ ಹೊಸದಲ್ಲ. ವಾದೀಭಸಿಂಹನ ಕ್ಷತ್ರಚೂಡಾಮಣಿಯಲ್ಲಿಯೂ 1424ರಲ್ಲಿ ಭಾಸ್ಕರ ಕವಿಯು ರಚಿಸಿದ ಕನ್ನಡ ಜೀವಂಧರ ಚರಿತೆಯಲ್ಲಿಯೂ ಬರುವ ಈ ಕಥೆಯಲ್ಲಿ, ಏಟು ತಿಂದು ಸಾಯುತ್ತಿರುವ ನಾಯಿಯ ಕಿವಿಯಲ್ಲಿ ಕುಮಾರನು ಪಂಚನಮಸ್ಕಾರವನ್ನು ಉಸುರುತ್ತಾನೆ. ನಾಯಿಯು ಯಕ್ಷನಾಗಿ ಹುಟ್ಟುತ್ತದೆ. ಆ ಯಕ್ಷನ ಹೆಸರು ಸುದರ್ಶನ, ಒಳ್ಳೆಯ ನೋಟವುಳ್ಳವನು. ಉಳಿದೆಲ್ಲ ಬಾಗಿಲುಗಳು ಮುಚ್ಚುತ್ತಿರುವಾಗ ಕಿವಿಯ ಬಾಗಿಲು ತೆರೆದಿರುತ್ತದೆಂಬ ಅರಿವು ಈ ಪ್ರಸಂಗದಲ್ಲಿದೆ.

ಖಂಬಾತದಿಂದ ಮುಂಬಯಿಗೆ

ದುರ್ಬಲ ಪ್ರಾಣಿಗಳಿಗೆ ಆಶ್ರಯ ಕೊಡುವ ಪದ್ಧತಿಯು ಗುಜರಾತಿನಲ್ಲಿ ಬಲವಾಗಿ ಬೇರೂರಿತ್ತು. ಹದಿನಾರನೆಯ ಶತಮಾನದ ಎಂಬತ್ತರ ದಶಕದಲ್ಲಿ ಭಾರತಕ್ಕೆ ಬಂದ ಇಂಗ್ಲಿಷ್ ವರ್ತಕ ರಾಲ್ಫ್ ಫಿಚ್, ಖಂಬಾತದಲ್ಲಿ ಕುಂಟು ನಾಯಿ, ಬೆಕ್ಕು ಮತ್ತು ಹಕ್ಕಿಗಳಿಗಾಗಿ ಆಸ್ಪತ್ರೆಗಳಿರುವುದನ್ನು ಬೆರಗಿನಿಂದ ದಾಖಲಿಸಿದನು. 1623ರಲ್ಲಿ ಅದೇ ಊರಿಗೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆಯು ಅಲ್ಲಿಯ ಆಸ್ಪತ್ರೆಯಲ್ಲಿ, ಮೂಗಿನ ಮೇಲೆ ಕನ್ನಡಕವೇರಿಸಿದ ವೃದ್ಧನೊಬ್ಬನು ತಬ್ಬಲಿ ಇಲಿಮರಿಗಳನ್ನು ಹತ್ತಿಯಲ್ಲಿ ಮಲಗಿಸಿ, ಹಕ್ಕಿಯ ಗರಿಯಿಂದ ಹಾಲುಣಿಸುತ್ತಿದ್ದುದನ್ನು ವರ್ಣಿಸಿದ್ದಾನೆ. ಯಾವ ಲಾಭವೂ ಇಲ್ಲದ ಜೀವಿಗೆ ದಿನದಿನವೂ ಶುಶ್ರೂಷೆ ಮಾಡುವುದು ಯುರೋಪಿನ ಯಾತ್ರಿಕರಿಗೆ ಸೋಜಿಗವಾಗಿತ್ತು.

ಮುಂಬಯಿಯಲ್ಲಿ ಈ ಪದ್ಧತಿಯು ಸಂಸ್ಥೆಯ ರೂಪ ತಾಳಲು ನಾಯಿಗಳೇ ನಿಮಿತ್ತವಾದವು. ಬೇಸಿಗೆಯಲ್ಲಿ ಬೀದಿನಾಯಿಗಳನ್ನು ಕೊಲ್ಲಿಸುವ ಕ್ರಮವನ್ನು ಕಂಪನಿ ಸರ್ಕಾರವು ಇಟ್ಟುಕೊಂಡಿತ್ತು. 1832ರ ಜೂನ್ ತಿಂಗಳಲ್ಲಿ ಪಾರ್ಸಿಗಳು ಇದನ್ನು ಪ್ರತಿಭಟಿಸಿ ಬೀದಿಗಿಳಿದರು; ಇತರ ಸಮುದಾಯದವರೂ ಕೂಡಿಕೊಂಡರು; ನಗರವೇ ಸ್ತಬ್ಧವಾಯಿತು. ಪಾರ್ಸಿಗಳಿಗೆ ನಾಯಿಯ ನೋಟವೇ ಪವಿತ್ರವಾದುದು. ಶವವನ್ನು ನಾಯಿಗೆ ತೋರಿಸುವ ಸಗ್ದೀದ್ ಎಂಬ ವಿಧಿಯು ಅವರಲ್ಲಿದೆ. ಎರಡು ವರ್ಷಗಳ ತರುವಾಯ, 1834ರಲ್ಲಿ, ಪಾರ್ಸಿ ಶ್ರೀಮಂತ ಜಮ್‌ಷೇಟ್‌ಜಿ ಜೀಜಿಭಾಯಿಯವರೂ ಜೈನ ಶ್ರೇಷ್ಠಿ ಮೋತಿಚಂದ್ ಅಮೀಚಂದರೂ ಸೇರಿ ಮುಂಬಯಿ ಪಾಂಜರಾಪೋಳವನ್ನು ಸ್ಥಾಪಿಸಿದರು. ಎರಡು ಧರ್ಮಗಳ ಕರುಣೆಯು ಒಂದೇ ಅಂಗಳದಲ್ಲಿ ಸೇರಿದ ಘಟನೆಯಿದು.

ಆದರೂ ಆಶ್ರಯಕ್ಕೆ ಒಂದು ಮಿತಿಯುಂಟು. ಮನೆಯಲ್ಲಿ ಬೆಳೆದ ನಾಯಿಯು ಕಣ್ಣು ಕಳೆದುಕೊಂಡಾಗ ಅದಕ್ಕೆ ಬೇಕಾದುದು ಅನ್ನ ನೀರುಗಳಷ್ಟೇ ಅಲ್ಲ, ಪರಿಚಿತವಾದ ನೆಲ, ಪರಿಚಿತವಾದ ದನಿ. ಹೊಸ ಜಾಗದ ನೂರು ಪ್ರಾಣಿಗಳ ಗದ್ದಲದಲ್ಲಿ ಅದು ಎರಡನೆಯ ಬಾರಿ ಕುರುಡಾಗುತ್ತದೆ. ಕಾಣಿಕೆ ಕೊಟ್ಟು ನಾಯಿಯನ್ನು ಅಲ್ಲಿ ಬಿಟ್ಟುಬಂದರೆ ಹೊಣೆ ತೀರಿತೆಂದು ಗೃಹಸ್ಥನು ಭಾವಿಸುವಂತಿಲ್ಲ.

ವಿಜ್ಞಾನವು ಕಂಡ ಕಣ್ಣು

1762ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಕ್ಲಾಡ್ ಬೂರ್ಜೆಲಾ ಆರಂಭಿಸಿದ ಪಶುವೈದ್ಯ ಶಾಲೆಯ ಗಮನವೆಲ್ಲ ಕುದುರೆ ಮತ್ತು ದನಗಳ ಮೇಲಿತ್ತು. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಣ್ಣಿನ ಒಳಗನ್ನು ನೋಡುವ ಉಪಕರಣವನ್ನು ಪ್ರಕಟಿಸಿದ ಬಳಿಕ, ಹೊರಗೆ ನಿರ್ಮಲವಾಗಿ ಕಾಣುವ ಕಣ್ಣಿನಲ್ಲಿಯೂ ಅಕ್ಷಿಪಟಲವು ಸವೆದಿರಬಹುದೆಂಬುದು ತಿಳಿಯಿತು. 1911ರಲ್ಲಿ ಸ್ವೀಡನ್ನಿನ ಮ್ಯಾಗ್ನುಸನ್ ಎಂಬ ವಿಜ್ಞಾನಿ, ಗಾರ್ಡನ್ ಸೆಟರ್ ತಳಿಯ ನಾಯಿಗಳಲ್ಲಿ ಅಕ್ಷಿಪಟಲವು ಕ್ರಮೇಣ ನಶಿಸುವ ಆನುವಂಶಿಕ ರೋಗವನ್ನು ವಿವರಿಸಿದನು.

ಇದೇ ಕಾಲದಲ್ಲಿ ನಾಯಿಯು ಮನುಷ್ಯನಿಗೆ ಕಣ್ಣಾಯಿತು. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಮಾರ್ಗದರ್ಶಿ ನಾಯಿಗಳ ಶಾಲೆ ತೆರೆಯಿತು. 1929ರಲ್ಲಿ ಅಮೆರಿಕದಲ್ಲಿಯೂ ಅಂತಹುದೇ ಸಂಸ್ಥೆ ಹುಟ್ಟಿತು. ಋಣವು ಅಲ್ಲಿಗೇ ನಿಲ್ಲಲಿಲ್ಲ. ಹುಟ್ಟಿನಿಂದಲೇ ದೃಷ್ಟಿದೋಷವಿದ್ದ ಬ್ರಿಯಾರ್ಡ್ ತಳಿಯ ನಾಯಿಗಳಿಗೆ ವಂಶವಾಹಿ ಚಿಕಿತ್ಸೆಯಿಂದ ನೋಟ ಬಂದ ಸಂಗತಿಯು 2001ರಲ್ಲಿ ಪ್ರಕಟವಾಯಿತು. ಆ ಸಂಶೋಧನೆಯ ಫಲವಾಗಿ ಅದೇ ದೋಷವುಳ್ಳ ಮನುಷ್ಯರಿಗೆ 2017ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಚಿಕಿತ್ಸೆಯು ಅಂಗೀಕೃತವಾಯಿತು. ಕುರುಡು ಮಗುವೊಂದು ಬೆಳಕು ಕಂಡುದರ ಹಿಂದೆ ಕುರುಡು ನಾಯಿಗಳಿದ್ದುವು. ಪ್ರಯೋಗಶಾಲೆಯ ಪ್ರಾಣಿಗಳ ವಿಷಯದಲ್ಲಿ ನಮ್ಮ ಅಭಿಪ್ರಾಯವೇನೇ ಇರಲಿ, ಈ ಋಣವನ್ನು ಅಲ್ಲಗಳೆಯುವಂತಿಲ್ಲ.

ನಾಯಿಗೆ ಅಂಧತ್ವವು ಬರುವ ಬಗೆಗಳು ಹಲವು. ಅಕ್ಷಿಪಟಲದ ಕ್ಷಯವು ಸಾಮಾನ್ಯವಾಗಿ ಇರುಳುಗುರುಡಿನಿಂದ ಆರಂಭವಾಗುತ್ತದೆ. ಇದರಲ್ಲಿ ನೋವಿಲ್ಲ, ಬಹುಪಾಲು ಪ್ರಕಾರಗಳಿಗೆ ಮದ್ದೂ ಇಲ್ಲ. ಪೊರೆಯು ವಯಸ್ಸಿನಿಂದಲೂ ಆನುವಂಶಿಕವಾಗಿಯೂ ಬರಬಹುದು, ಮಧುಮೇಹವಿರುವ ನಾಯಿಯಲ್ಲಿ ಬಹು ಬೇಗ ಬೆಳೆಯಬಹುದು; ಸೂಕ್ತವಾದ ನಾಯಿಗೆ ಶಸ್ತ್ರಚಿಕಿತ್ಸೆಯಿಂದ ನೋಟ ಮರಳೀತು. ಕಣ್ಣಿನ ಒಳಒತ್ತಡವು ಏರುವ ಗ್ಲಾಕೋಮಾ ಮಾತ್ರ ತೀವ್ರ ನೋವಿನ ರೋಗ. ಕಣ್ಣು ಕೆಂಪಾಗಿ, ಮಂಜಾಗಿ, ನಾಯಿಯು ಕಣ್ಣನ್ನು ಕಿರಿದುಗೊಳಿಸಿ ಮಂಕಾಗಿದ್ದರೆ ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಮನೆಯವರಿಗೆ ಕುರುಡು ತಡವಾಗಿ ತಿಳಿಯುವುದೇ ಹೆಚ್ಚು, ಏಕೆಂದರೆ ನಾಯಿಯು ಮನೆಯನ್ನು ನೆನಪಿನಲ್ಲಿಯೇ ನಡೆಯುತ್ತಿರುತ್ತದೆ. ಹಬ್ಬಕ್ಕೆಂದು ಮಂಚವನ್ನು ಸರಿಸಿದ ದಿನ ಅದು ಡಿಕ್ಕಿ ಹೊಡೆದಾಗ ಸತ್ಯವು ಹೊರಬೀಳುತ್ತದೆ. ನೆನಪಿಗೆ ಬೆಂಬಲವಾಗಿ ಮೂಗಿದೆ. ನಾಯಿಯ ಮೆದುಳಿನಲ್ಲಿ ವಾಸನೆಯ ಭಾಗದಿಂದ ನೋಟದ ಭಾಗಕ್ಕೆ ನೇರವಾದ ನರಮಾರ್ಗವಿದೆಯೆಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ತೋರಿಸಿದರು. ಕಣ್ಣಿಲ್ಲದ ನಾಯಿಯು ಮೂಗಿನಿಂದಲೇ ದಾರಿ ಕಾಣುವ ಬಗೆಯನ್ನು ಅರಿಯಲು ಇದೊಂದು ಸುಳಿವು.

ಗೃಹಸ್ಥನ ಹೊಣೆ

ಹೀಗಿರುವಾಗ ಕುರುಡು ನಾಯಿಗೆ ನಾವು ಮಾಡಬೇಕಾದ ಉಪಕಾರದ ಮೊದಲನೆಯ ಅಂಶವು ಪ್ರಮಾದವನ್ನು ಬಿಡುವುದು. ಕುರ್ಚಿ, ಮಂಚ, ಬುಟ್ಟಿಗಳು ಅದು ಬಲ್ಲ ಜಾಗದಲ್ಲಿಯೇ ಇರಲಿ. ಅನ್ನದ ತಟ್ಟೆ, ನೀರಿನ ಬಟ್ಟಲು, ಹಾಸಿಗೆಗಳು ಅಲುಗದಿರಲಿ. ಬಟ್ಟಲನ್ನು ಗುಟ್ಟಾಗಿ ಬೇರೆಡೆಗೆ ಇಟ್ಟರೆ ಅದು ಅನ್ನಪಾನವನ್ನು ತಡೆದಂತೆಯೇ. ನಡೆದಾಡುವ ದಾರಿಯಲ್ಲಿ ಬಿಟ್ಟ ಪೊರಕೆ, ಅಂಗಳದಲ್ಲಿ ಮುಚ್ಚದೆ ಬಿಟ್ಟ ನೀರಿನ ತೊಟ್ಟಿ, ಅಡ್ಡಗಟ್ಟಿಲ್ಲದ ಮೆಟ್ಟಿಲು ಇವು ನಮಗೆ ಸಣ್ಣ ಮರೆವುಗಳು, ಅದಕ್ಕೆ ಪ್ರಾಣಘಾತಕಗಳು. ಹೊಸ್ತಿಲಿನ ಮುಂದೆ ಹಾಗೂ ಮೆಟ್ಟಿಲಿನ ತುದಿಯಲ್ಲಿ ಒರಟಾದ ಚಾಪೆಯ ತುಂಡನ್ನು ಹಾಸಿದರೆ ಅದರ ಪಾದವೇ ಎಚ್ಚರಿಕೆಯನ್ನು ಓದಿಕೊಳ್ಳುತ್ತದೆ.

ಎರಡನೆಯದು ದನಿ. ಮುಟ್ಟುವ ಮೊದಲು ಹೆಸರು ಹಿಡಿದು ಕರೆಯಬೇಕು; ನಿದ್ದೆಯಲ್ಲಿರುವ ಕುರುಡು ನಾಯಿಯನ್ನು ಥಟ್ಟನೆ ಮುಟ್ಟಿದರೆ ಅದು ಹೆದರಿ ಕಚ್ಚೀತು, ಅದಕ್ಕೆ ಹೊಡೆಯುವುದು ಅನ್ಯಾಯ. ಮಕ್ಕಳಿಗೆ ಇದನ್ನು ಮುಖ್ಯವಾಗಿ ಕಲಿಸಬೇಕು. ‘ನಿಲ್ಲು’, ‘ಹತ್ತು’, ‘ಇಳಿ’ ಎಂಬಂತಹ ಕೆಲವೇ ಮಾತುಗಳನ್ನು ಮನೆಮಂದಿಯೆಲ್ಲ ಒಂದೇ ರೀತಿಯಲ್ಲಿ ಬಳಸಿದರೆ ನಾಯಿಯು ಬೇಗ ಕಲಿಯುತ್ತದೆ. ಮನೆಯಲ್ಲಿ ಇನ್ನೊಂದು ನಾಯಿಯಿದ್ದರೆ ಅದರ ಕೊರಳಿಗೆ ಸಣ್ಣ ಗೆಜ್ಜೆಯನ್ನು ಕಟ್ಟಬಹುದು.

ಮೂರನೆಯದು ಸ್ವಾತಂತ್ರ್ಯ. ಎಲ್ಲಿಯಾದರೂ ಬಿದ್ದೀತೆಂದು ಮೂಲೆಯಲ್ಲಿ ಸದಾ ಕಟ್ಟಿಹಾಕುವುದೂ ಬಂಧವೆಂಬ ಅತಿಚಾರವೇ. ಎಲ್ಲೆಡೆಗೂ ಎತ್ತಿಕೊಂಡೇ ಹೋಗುವ ಅತಿಪ್ರೀತಿಯೂ ಅದರ ನೆನಪಿನ ನಕ್ಷೆಯನ್ನು ಅಳಿಸುತ್ತದೆ. ಹಗ್ಗ ಹಿಡಿದು ದಿನವೂ ಒಂದೇ ದಾರಿಯಲ್ಲಿ, ಒಂದೇ ಹೊತ್ತಿನಲ್ಲಿ ನಡೆಸುವುದು ಒಳ್ಳೆಯದು. ಮೂಸಲು ನಿಂತಲ್ಲಿ ಎಳೆಯದೆ ಕಾಯಬೇಕು. ಅದು ಆಗ ತನ್ನ ಲೋಕವನ್ನು ನೋಡುತ್ತಿರುತ್ತದೆ. ಮೊದಲ ಕೆಲವು ವಾರಗಳಲ್ಲಿ ನಾಯಿಯು ಅಂಜಿ, ಮುದುಡಿ, ಮೈಗಂಟಿಕೊಂಡಿರಬಹುದು. ತಾಳ್ಮೆಯಿಂದ ನಡೆಸಿದರೆ ಬಹಳಷ್ಟು ನಾಯಿಗಳು ಕೆಲವೇ ತಿಂಗಳುಗಳಲ್ಲಿ ಹಳೆಯ ಲವಲವಿಕೆಗೆ ಮರಳುತ್ತವೆ.

ಕಠಿಣವಾದ ಪ್ರಶ್ನೆಯೊಂದು ಉಳಿಯುತ್ತದೆ. ಕುರುಡಾದ ನಾಯಿಗೆ ಸೂಜಿಮದ್ದಿನಿಂದ ‘ಸುಖಮರಣ’ ಕೊಡಿಸುವುದೇ ದಯೆಯೆಂದು ಹೇಳುವವರಿದ್ದಾರೆ. ಆದರೆ ಕುರುಡು ತಾನಾಗಿ ನೋವಲ್ಲ. ಕತ್ತಲೆಯ ಭಯವನ್ನು ಕಲ್ಪಿಸಿಕೊಳ್ಳುವವರು ನಾವು. ನಾಯಿಯು ವಾಸನೆ ದನಿಗಳ ಲೋಕದಲ್ಲಿ ಬಾಳುತ್ತಿರುತ್ತದೆ. ಸಲ್ಲೇಖನವನ್ನು ಇದಕ್ಕೆ ಸಮರ್ಥನೆಯಾಗಿ ತರುವುದೂ ಸಲ್ಲದು. ಅದು ವಿವೇಕದಿಂದ ತಾನೇ ಕೈಗೊಳ್ಳುವ ವ್ರತ; ಒಂದು ಜೀವಿಯ ಪರವಾಗಿ ಮತ್ತೊಬ್ಬರು ನಿಶ್ಚಯಿಸುವಂತಹುದಲ್ಲ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು: ಕರ್ಮಫಲವೆಂದು ಕೈಕಟ್ಟಿ ಕುಳಿತು, ಗ್ಲಾಕೋಮಾದ ನೋವಿನಲ್ಲಿ ನಾಯಿಯನ್ನು ನರಳಲು ಬಿಡುವುದು. ಮದ್ದು ಸಾಗದಿದ್ದಾಗ ನೋಯುವ ಕುರುಡು ಕಣ್ಣನ್ನು ತೆಗೆಸುವುದು ಅಂಗಚ್ಛೇದದ ಅತಿಚಾರವಾಗದು. ಅಲ್ಲಿರುವುದು ಪ್ರಮಾದವಲ್ಲ, ಪರಿಹಾರದ ಬುದ್ಧಿ. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಎಂಬ ಮಾರ್ಗದರ್ಶಿ ನಾಯಿಯ ಎರಡೂ ಕಣ್ಣುಗಳನ್ನು 2010ರಲ್ಲಿ ತೆಗೆಯಬೇಕಾಯಿತು. ಒಡೆಯನು ಅದನ್ನು ಬಿಟ್ಟುಕೊಡಲಿಲ್ಲ. ಓಪಲ್ ಎಂಬ ಹೊಸ ನಾಯಿಯು ಬಂದು ಒಡೆಯನಿಗೂ ಎಡ್ವರ್ಡನಿಗೂ ದಾರಿ ತೋರಿತು.

ನಮ್ಮ ದೇಶದ ಕಾನೂನೂ ಈ ಹೊಣೆಯನ್ನು ಗುರುತಿಸಿದೆ. 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮವು ಪ್ರಾಣಿಯ ಕ್ಷೇಮವನ್ನು ನೋಡಿಕೊಳ್ಳುವುದು ಅದನ್ನು ಸಾಕಿದವನ ಕರ್ತವ್ಯವೆಂದೂ, ಹಸಿವು ನೀರಡಿಕೆಗಳಿಂದ ನರಳುವಂತೆ ಅದನ್ನು ಸಕಾರಣವಿಲ್ಲದೆ ತೊರೆಯುವುದು ಅಪರಾಧವೆಂದೂ ವಿಧಿಸುತ್ತದೆ. ಜೀವಿಗಳಲ್ಲಿ ದಯೆಯಿರಬೇಕೆಂಬುದನ್ನು 1976ರ ತಿದ್ದುಪಡಿಯು ನಾಗರಿಕನ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. ಆದರೆ ಮನೆಯೊಳಗಿನ ಮಂಚವು ಎಲ್ಲಿರಬೇಕೆಂದು ಯಾವ ಕಾನೂನೂ ಹೇಳಲಾರದು. ಅದನ್ನು ಹೇಳಬೇಕಾದುದು ಮನೆಯವರ ಎಚ್ಚರ. ದಿನವೂ ಪ್ರತಿಕ್ರಮಣದಲ್ಲಿ ತಿಳಿದೋ ತಿಳಿಯದೆಯೋ ಆದ ಹಿಂಸೆಗಾಗಿ ಕ್ಷಮೆ ಬೇಡುವ ನಾವು, ಮರುದಿನದ ಹಿಂಸೆಯನ್ನು ಹಿಂದಿನ ರಾತ್ರಿಯೇ ತಪ್ಪಿಸಬಹುದು: ದೀಪವಾರಿಸುವ ಮುನ್ನ ದಾರಿಯಲ್ಲಿರುವುದನ್ನು ಎತ್ತಿಟ್ಟು, ನೀರಿನ ಬಟ್ಟಲು ತನ್ನ ಜಾಗದಲ್ಲಿದೆಯೇ ಎಂದು ಒಮ್ಮೆ ನೋಡಿ ಮಲಗಿದರೆ ಸಾಕು.