ಗೆಲುವಾಗಿದ್ದಾರೆ

ಎರಡು ದಿನ ಜ್ವರದಲ್ಲಿ ಕಣ್ಣು ಬಿಡದೆ ಮಲಗಿದ್ದ ಮಗು ಮೂರನೆಯ ದಿನ ಬೆಳಿಗ್ಗೆ ಎದ್ದು ಕೂತು ‘ಹಸಿವು’ ಅಂದರೆ, ಮನೆಯಲ್ಲಿ ಒಬ್ಬರಾದರೂ ಹೇಳುತ್ತಾರೆ: ‘ಇವತ್ತು ಗೆಲುವಾಗಿದೆ.’ ಯಾರನ್ನು ಗೆದ್ದಿತು ಎಂದು ಯಾರೂ ಕೇಳುವುದಿಲ್ಲ. ಬಿಸಿಲಿಗೆ ತಲೆ ಬಾಗಿಸಿದ್ದ ಬದನೆ ಸಸಿ ಸಂಜೆಯ ಒಂದು ಚೊಂಬು ನೀರಿಗೆ ಬೆಳಗಾಗುವಷ್ಟರಲ್ಲಿ ನೆಟ್ಟಗೆ ನಿಂತರೆ ಅದೂ ಗೆಲುವಾಯಿತು. ಮಗಳು ಬಂದಳೆಂದರೆ ಅವ್ವನ ಮುಖ ಗೆಲುವಾಯಿತು. ಕುಸ್ತಿಯ ಅಖಾಡದಲ್ಲಿ, ಮತ ಎಣಿಕೆಯಲ್ಲಿ, ಕೋರ್ಟಿನಲ್ಲಿ ಒಬ್ಬರು ಗೆಲ್ಲಬೇಕಾದರೆ ಇನ್ನೊಬ್ಬರು ಸೋಲಲೇಬೇಕು. ಮನೆಯೊಳಗಿನ ಈ ಗೆಲುವಿಗೆ ಸೋಲುವವರು ಬೇಕಿಲ್ಲ. ‘ಗೆಲ್’ ಎಂಬುದು ಹಳಗನ್ನಡದ ಕಾಲದಿಂದಲೂ ಕಾಳಗದ ಕ್ರಿಯಾಪದ. ಅದೇ ಮಾತು ಅಡುಗೆಮನೆಗೆ ಬಂದು, ಕತ್ತಿಯನ್ನು ಹೊಸಿಲಾಚೆ ಇಟ್ಟು, ಬರೀ ಮುಖದ ಮೇಲಿನ ಬೆಳಕಾಗಿ ಉಳಿದಿದೆ.

ಅದರ ಜೋಡಿಯಾದ ‘ಸೋಲು’ ಕೂಡ ಹಾಗೆಯೇ. ಬೆಟ್ಟ ಹತ್ತಿದವರ ಕಾಲು ಸೋಲುತ್ತದೆ. ದೀಪದ ಬೆಳಕಲ್ಲಿ ಹೊಲಿದವರ ಕಣ್ಣು ಸೋಲುತ್ತದೆ. ಇಷ್ಟವಾದವರಿಗೆ ಮನಸ್ಸು ಸೋಲುತ್ತದೆ. ಈ ಯಾವ ಸೋಲಿಗೂ ತಲೆ ತಗ್ಗಿಸಬೇಕಾಗಿಲ್ಲ. ಕಾಲು ಸೋತರೆ ಜಗಲಿಯ ಮೇಲೆ ಕೂತು ಸುಧಾರಿಸಿಕೊಂಡರೆ ಆಯಿತು, ಮನಸ್ಸು ಸೋತರಂತೂ ಅದು ಸಂತೋಷದ ಸುದ್ದಿ.

ಇದೆಲ್ಲ ನನ್ನ ತಲೆಗೆ ಹತ್ತಿದ್ದು ಎರಡು ಸುದ್ದಿಗಳಿಂದ. 2024ರ ಜುಲೈ 11ರಂದು ನಿರೂಪಕಿ ಅಪರ್ಣಾ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಬೆಂಗಳೂರಿನ ಮೆಟ್ರೊದಲ್ಲಿ ಓಡಾಡಿದವರೆಲ್ಲ ಅವರ ದನಿ ಕೇಳಿದ್ದಾರೆ, ಮುಂದಿನ ನಿಲ್ದಾಣದ ಹೆಸರು ಹೇಳುತ್ತಿದ್ದದ್ದು ಅವರೇ. ಕಾಯಿಲೆಯ ಸಂಗತಿಯನ್ನು ಅವರು ಹೊರಗೆ ಹೇಳಿಕೊಂಡಿರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ನಟ ಶಿವರಾಜಕುಮಾರ್ ಅಮೆರಿಕದ ಮಯಾಮಿಯಲ್ಲಿ ಮೂತ್ರಕೋಶದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. 2025ರ ಮೊದಲ ದಿನವೇ ವಿಡಿಯೊದಲ್ಲಿ ಕಾಣಿಸಿಕೊಂಡು, ಕಾಯಿಲೆ ಈಗ ಇಲ್ಲವೆಂದು ಹೇಳಿದಾಗ ಇಡೀ ನಾಡು ನಿಟ್ಟುಸಿರು ಬಿಟ್ಟಿತು. ನಾನೂ ಬಿಟ್ಟೆ.

ಆದರೆ ಬದುಕಿ ಬಂದವರನ್ನೆಲ್ಲ ‘ಕ್ಯಾನ್ಸರ್ ಗೆದ್ದವರು’ ಎನ್ನುವುದು ನಮ್ಮ ಪತ್ರಿಕೆ, ಟಿವಿಗಳ ರೂಢಿ. ಸಂತೋಷದ ಭರದಲ್ಲಿ ಬರುವ ಮಾತು, ಅದರಲ್ಲಿ ಕೆಟ್ಟದ್ದೇನೂ ಇಲ್ಲ ಎಂದು ಬಹಳ ಕಾಲ ನಾನೂ ಅಂದುಕೊಂಡಿದ್ದೆ. ಒಬ್ಬರು ಗೆದ್ದರೆಂದು ಬರೆದ ಪುಟದಲ್ಲಿ ಇನ್ನೊಬ್ಬರಿಗೆ ಏನಾಯಿತು? ಬರೆಯದಿದ್ದರೂ ಓದುವವರ ಮನಸ್ಸು ಆ ವಾಕ್ಯವನ್ನು ತಾನೇ ಪೂರ್ತಿ ಮಾಡಿಕೊಳ್ಳುತ್ತದೆ: ಅವರು ಸೋತರು. ಯಾತರಲ್ಲಿ ಸೋತರು, ಧೈರ್ಯದಲ್ಲೇ? ಎಷ್ಟು ಬೇಗ ಪತ್ತೆಯಾಯಿತು, ಯಾವ ಅಂಗ, ಯಾವ ಬಗೆಯ ಜೀವಕೋಶ, ಔಷಧಿಗೆ ಬಗ್ಗಿತೋ ಇಲ್ಲವೋ, ಕೈಯಲ್ಲಿ ಎಷ್ಟು ದುಡ್ಡಿತ್ತು, ಇವೆಲ್ಲ ಸೇರಿ ನಿರ್ಧಾರವಾಗುವ ಸಂಗತಿ ಅದು. ಶ್ವಾಸಕೋಶದ ಕ್ಯಾನ್ಸರ್ ಬಹುಪಾಲು ತಡವಾಗಿಯೇ ಪತ್ತೆಯಾಗುತ್ತದೆ, ಯಾಕೆಂದರೆ ಅದು ಬೆಳೆಯುವಷ್ಟು ಕಾಲ ಹೆಚ್ಚಿನವರಿಗೆ ನೋವೇ ಇರುವುದಿಲ್ಲ. ನೋಯದ ಕಾಯಿಲೆಯ ಎದುರು ಯಾವ ವೀರನೂ ಮುಂಚಿತವಾಗಿ ಕತ್ತಿ ಹಿರಿಯಲಾರ.

ಕಾಳಗದ ಮಾತೇ ಬೇಕೆನ್ನುವುದಾದರೆ ನಮ್ಮ ನೆಲದ ಕಾಳಗದ ನೆನಪು ಎಂಥದ್ದು ಎಂದಾದರೂ ನೋಡಬೇಕು. ಕರ್ನಾಟಕದ ಊರೂರಿನಲ್ಲಿ ಕೆರೆಯ ಏರಿ ಮೇಲೆ, ಗುಡಿಯ ಹಿಂದೆ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಮಧ್ಯದಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಎದುರು ಕೂತ ವೀರ. ಇವು ಗೆದ್ದು ಮನೆಗೆ ಬಂದವರ ಕಲ್ಲುಗಳಲ್ಲ, ಸತ್ತವರ ಕಲ್ಲುಗಳು. ಬೆಂಗಳೂರಿನ ಹೆಸರಿನ ಮೊದಮೊದಲ ದಾಖಲೆ ಎಂದು ನಾವು ಹೆಮ್ಮೆಯಿಂದ ತೋರಿಸುವ ಬೇಗೂರಿನ ಕಲ್ಲೂ ಬೆಂಗಳೂರು ಕಾಳಗದಲ್ಲಿ ಸತ್ತವನೊಬ್ಬನದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೇ ಶತಮಾನದ ಒಂದು ಕಲ್ಲು ಸಿಕ್ಕಿತು. ಹಂದಿಯ ಜೊತೆ ಕಾದಾಡಿ ಅದರೊಂದಿಗೇ ಸತ್ತ ಕಾಳಿ ಎಂಬ ಬೇಟೆನಾಯಿಗಾಗಿ ನಿಲ್ಲಿಸಿದ್ದು. ನಾಯಿಯನ್ನು ಕೂಡ ‘ಸೋತಿತು’ ಎಂದು ನೆನೆಯದ ಜನ ನಾವು. ಕ್ಯಾನ್ಸರಿನಿಂದ ಸತ್ತವರನ್ನು ಸೋತವರ ಸಾಲಿಗೆ ಸೇರಿಸುವ ಅಭ್ಯಾಸವನ್ನು ಈಚೆಗೆ ಎಲ್ಲಿಂದಲೋ ಕಲಿತಿದ್ದೇವೆ.

ನಾನೂ ಕಲಿತಿದ್ದೆ. ನನ್ನ ಸೋದರತ್ತೆಗೆ ಅಂಡಾಶಯದ ಕ್ಯಾನ್ಸರ್ ಎಂದು ಗೊತ್ತಾದಾಗ ಆಕೆ ಹಾಸನ ಜಿಲ್ಲೆಯ ಹಳ್ಳಿಯಿಂದ ಬೆಂಗಳೂರಿನ ನಮ್ಮ ಮನೆಗೆ ಬಂದಳು. ಮೊದಲ ಕಿಮೊ ಮುಗಿಸಿ ಬಂದ ರಾತ್ರಿ ಮಂಚದ ಪಕ್ಕ ಕೂತು, ಎಲ್ಲೆಲ್ಲೋ ಓದಿದ್ದನ್ನು ಒಟ್ಟು ಮಾಡಿ ಹೇಳಿದೆ: ‘ಅತ್ತೆ, ನೀನು ಹೋರಾಡ್ಬೇಕು. ಗೆದ್ದೇ ಗೆಲ್ತೀಯ.’ ಆಕೆ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ‘ಯಾರ ಮೇಲ್ ಹೋರಾಡ್ಲಪ್ಪ? ನನ್ ಹೊಟ್ಟೆ ಮೇಲಾ?’

ಕೋಪದಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ಆ ಹೊಟ್ಟೆಯಲ್ಲಿ ಆಕೆ ಮೂರು ಮಕ್ಕಳನ್ನು ಹೊತ್ತಿದ್ದಳು. ಅದರ ಮೇಲೆ ಯುದ್ಧಕ್ಕೆ ಹೋಗು ಎಂದು ನಾನು ಹೇಳುತ್ತಿದ್ದೆ. ನನ್ನಲ್ಲಿ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಆಮೇಲೆ ನೋಡಲು ಬರುವವರ ಸಾಲು ಶುರುವಾಯಿತು. ಹಣ್ಣು ಹಿಡಿದು ಬಂದವರು, ಹಾರ್ಲಿಕ್ಸ್ ಹಿಡಿದು ಬಂದವರು, ಲಕ್ಷ್ಮಣಫಲದ ಎಲೆ ಕಟ್ಟಿಕೊಂಡು ಬಂದವರು. ಎಲ್ಲರೂ ಪ್ರೀತಿಯಿಂದಲೇ ಬಂದವರು, ಅದನ್ನು ಮರೆತು ಬರೆಯಲಾರೆ. ಆದರೆ ಬಾಗಿಲಲ್ಲೇ ‘ಅಯ್ಯೋ, ಎಷ್ಟು ಇಳಿದೋಗಿದೀಯಲ್ಲ!’ ಎಂದವರಿದ್ದರು. ತಮ್ಮ ಓರಗಿತ್ತಿಗೂ ಇದೇ ಆಗಿತ್ತೆಂದು ಶುರುಮಾಡಿ, ಕಥೆಯ ಕೊನೆ ನೆನಪಾಗಿ ನಡುವೆಯೇ ನಿಲ್ಲಿಸಿದವರಿದ್ದರು. ಅಡುಗೆಮನೆಗೆ ಬಂದು ದನಿ ತಗ್ಗಿಸಿ ‘ಎಷ್ಟನೇ ಸ್ಟೇಜಂತೆ?’ ಎಂದವರಿದ್ದರು. ರೋಗದ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ‘ಕಿದ್ವಾಯಿಗೆ ಕರ್ಕೊಂಡೋಗಿದ್ರಾ?’ ಎಂದರೆ ಸಾಕು. ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಆ ಆಸ್ಪತ್ರೆಯ ಹೆಸರು ಹಳೇ ಮೈಸೂರಿನ ಹಳ್ಳಿಗಳಲ್ಲಿ ರೋಗದ ಹೆಸರೇ ಆಗಿಬಿಟ್ಟಿದೆ. ಹೆಸರಿಗೆ ಹೆದರುವುದು ನಮಗೆ ಹೊಸದಲ್ಲ. ಮೈಮೇಲೆ ಗುಳ್ಳೆ ಎದ್ದರೆ ‘ಅಮ್ಮ ಬಂದವ್ಳೆ’ ಎನ್ನುತ್ತಿದ್ದೆವು. ಸಿಡುಬು 1975ರಲ್ಲೇ ಈ ದೇಶ ಬಿಟ್ಟು ಹೋಯಿತು, ಚಿಕನ್‌ಪಾಕ್ಸಿಗೆ ಈಗಲೂ ‘ಅಮ್ಮ’ನೇ.

ನಮ್ಮಲ್ಲಿ ಯೋಗಕ್ಷೇಮ ಕೇಳುವ ಮಾತುಗಳಿಗೇನೂ ಬರವಿಲ್ಲ. ಬೆಂಗಳೂರು ಮೈಸೂರು ಕಡೆ ‘ಹುಷಾರಾ?’ ಧಾರವಾಡದ ಕಡೆ ‘ಆರಾಮ ಅದೀರೇನ್ರಿ?’ ಮಂಗಳೂರಿನ ಕಡೆ ‘ಸೌಖ್ಯವಾ?’ ಹುಷಾರು ಎಂಬ ಪಾರಸಿ ಮಾತು ಭಾರತಕ್ಕೆಲ್ಲ ಹಬ್ಬಿದೆ. ಹಿಂದಿಯಲ್ಲಿ ಮರಾಠಿಯಲ್ಲಿ ಅದು ಜಾಣತನ, ತಮಿಳಿನಲ್ಲಿ ಎಚ್ಚರ, ತೆಲುಗಿನಲ್ಲಿ ಉತ್ಸಾಹ. ಕನ್ನಡಿಗರು ಅದನ್ನು ಮೈಯ ಆರೋಗ್ಯಕ್ಕೂ ಒಗ್ಗಿಸಿಕೊಂಡರು. ಪತ್ರಿಕೆಯವರಿಗೆ ‘ಗುಣಮುಖ’ ಇದೆ. ಕೋವಿಡ್ ಕಾಲದಲ್ಲಿ ಪ್ರತಿ ಸಂಜೆ ಅದರ ಪಕ್ಕ ಒಂದು ಅಂಕಿ ಬರುತ್ತಿತ್ತು. ಮಾತಿನ ಪ್ರಕಾರ ಗುಣದ ಕಡೆಗೆ ಮುಖ ಮಾಡಿದವರು ಎಂದಷ್ಟೇ ಅರ್ಥ, ಮುಟ್ಟಿದವರೆಂದಲ್ಲ. ಆದರೂ ನಾವು ಅದನ್ನು ಮುಗಿದ ಕೆಲಸದ ಹಾಗೆ ಬಳಸುತ್ತೇವೆ. ಇನ್ನು ‘ವಾಸಿ’. ಇದು ನನಗೆ ತುಂಬ ಇಷ್ಟದ ಮಾತು. ‘ಪೂರ್ತಿ ವಾಸಿಯಾಯ್ತು’ ಎಂದರೆ ಕಾಯಿಲೆ ಹೋಯಿತು. ‘ನಿನ್ನೆಗಿಂತ ವಾಸಿ’ ಎಂದರೆ ಸ್ವಲ್ಪ ಮೇಲು ಅಷ್ಟೇ.

ಆದರೆ ‘ವಾಸಿ ಆಯ್ತಾ?’ ಎಂದು ಕೇಳಿದವರಿಗೆ ಹೌದು ಇಲ್ಲ ಎಂಬ ಎರಡೇ ಉತ್ತರ. ವಾಸಿಯಾಗದ ಕಾಯಿಲೆ ಇರುವವರು ಆ ಪ್ರಶ್ನೆಯ ಎದುರು ಪ್ರತಿ ಸಲ ಸುಳ್ಳು ಹೇಳಬೇಕು, ಇಲ್ಲವೇ ಬಂದವರ ಕಣ್ಣಲ್ಲಿ ನೀರು ಬರಿಸಬೇಕು. ಅತ್ತೆ ಎರಡನ್ನೂ ಮಾಡಿದಳು. ‘ಗೆಲುವು’ ಅಂಥ ಇಕ್ಕಟ್ಟಿಗೆ ತಳ್ಳುವುದಿಲ್ಲ. ಅದು ಕಾಯಿಲೆಯ ಬಗ್ಗೆ ಏನನ್ನೂ ಕೇಳುವುದಿಲ್ಲ, ಈ ಹೊತ್ತಿನ ಬಗ್ಗೆ ಕೇಳುತ್ತದೆ. ಕಾಯಿಲೆ ಇದ್ದೂ ಗೆಲುವಾಗಿರಬಹುದು. ಬೆಳಿಗ್ಗೆ ಬಾಡಿದ್ದವರು ಸಂಜೆಗೆ ಗೆಲುವಾಗಬಹುದು.

ಅತ್ತೆಗೆ 21 ದಿನಕ್ಕೊಂದು ಕಿಮೊ, ಒಟ್ಟು ಆರು ಸಲ. ಮನೆಯಲ್ಲಿದ್ದವರಿಗೆ ಆ 21 ದಿನಗಳ ಒಳಗಿನ ಏರಿಳಿತ ಬಾಯಿಪಾಠವಾಗಿತ್ತು. ಮೂರನೇ ದಿನದಿಂದ ವಾಕರಿಕೆ, ಬಾಯಿಗೆ ಯಾವ ರುಚಿಯೂ ಹತ್ತದು, ಕಾಲಿನ ಬೆರಳು ಜೋಮು. ಎರಡನೇ ವಾರದಲ್ಲಿ ರಕ್ತದ ಬಿಳಿಕಣ ಇಳಿದು ಸಣ್ಣ ಸೋಂಕೂ ಅಪಾಯ, ಆಗ ಹಣ್ಣು ಹಿಡಿದು ಬಂದವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಕಾಗುತ್ತಿತ್ತು. ಮೂರನೇ ವಾರ ಬಂತೆಂದರೆ ಆಕೆ ಗೆಲುವಾಗುತ್ತಿದ್ದಳು. ಉಪ್ಪಿನಕಾಯಿ ಕೇಳುತ್ತಿದ್ದಳು, ಊರಿಗೆ ಫೋನು ಹಚ್ಚಿ ಎಮ್ಮೆ ಕರು ಹಾಕಿತೇ ಎಂದು ವಿಚಾರಿಸುತ್ತಿದ್ದಳು. ಅಷ್ಟರಲ್ಲಿ ಮುಂದಿನ ಕಿಮೊದ ದಿನ ಬರುತ್ತಿತ್ತು. ಗೆಲುವಾಗುವುದೇ ಮತ್ತೆ ಬಾಡುವುದಕ್ಕೆ ಎಂಬಂತಿದ್ದ ಆ ಲೆಕ್ಕವನ್ನು ಆಕೆ ಆರು ಸಲ ಒಪ್ಪಿಕೊಂಡಳು. ಅದಕ್ಕೆ ಹೋರಾಟ ಎಂಬ ಹೆಸರು ಬೇಡವಾದರೆ ಬೇಡ. ಧೈರ್ಯ ಬೇಕಾಯಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕ್ಯಾನ್ಸರ್ ವೈದ್ಯರಿಗೂ ಗೆಲುವನ್ನು ಅಳೆಯದೆ ಗತಿಯಿಲ್ಲ ಎಂಬುದು ನನಗೆ ಗೊತ್ತಾದದ್ದು ಅತ್ತೆಯ ಕಡತ ನೋಡಿದಾಗ. ಪ್ರತಿ ಭೇಟಿಯ ಚೀಟಿಯಲ್ಲೂ ‘ಇಸಿಒಜಿ’ ಎಂದು ಬರೆದು ಪಕ್ಕದಲ್ಲಿ ಒಂದು ಅಂಕಿ. 1982ರಲ್ಲಿ ಪ್ರಕಟವಾದ ಅಳತೆ ಅದು, ಸೊನ್ನೆಯಿಂದ ಐದರವರೆಗೆ. ಎಲ್ಲ ಕೆಲಸ ಮಾಡಿಕೊಂಡು ಓಡಾಡಿಕೊಂಡಿದ್ದರೆ ಸೊನ್ನೆ. ಎಚ್ಚರವಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಎದ್ದು ಓಡಾಡಿಕೊಂಡಿದ್ದು, ತನ್ನ ಸ್ನಾನ ಊಟ ತಾನೇ ಮಾಡಿಕೊಂಡು, ಬೇರೆ ಕೆಲಸ ಆಗದಿದ್ದರೆ ಎರಡು. ಅರ್ಧಕ್ಕಿಂತ ಹೆಚ್ಚು ಕಾಲ ಹಾಸಿಗೆಯಲ್ಲೋ ಕುರ್ಚಿಯಲ್ಲೋ ಇದ್ದರೆ ಮೂರು. ಗೆಡ್ಡೆಯ ಗಾತ್ರವನ್ನು ಸ್ಕ್ಯಾನ್ ಹೇಳುತ್ತದೆ. ಈ ಅಂಕಿಗಾಗಿ ಮಾತ್ರ ವೈದ್ಯರು ಮನೆಯವರನ್ನು ಕೇಳಬೇಕು: ಹಗಲು ಎಷ್ಟು ಹೊತ್ತು ಮಲಗಿರುತ್ತಾರೆ, ತಾವೇ ಸ್ನಾನ ಮಾಡುತ್ತಾರಾ? ಇನ್ನೊಂದು ಕಿಮೊ ಕೊಡಬಹುದೇ ಬೇಡವೇ ಎಂಬುದಕ್ಕೆ ಆ ಉತ್ತರವೂ ಬೇಕು.

ಇಷ್ಟೆಲ್ಲ ಹೊಗಳಿದ ಮೇಲೆ ಈ ಮಾತಿನ ಇನ್ನೊಂದು ಮುಖವನ್ನೂ ಹೇಳಬೇಕು. ‘ಗೆಲುವಾಗಿದ್ದಾರೆ’ ಎಂಬುದು ಕಂಡದ್ದನ್ನು ಹೇಳುವ ಮಾತು. ‘ಗೆಲುವಾಗಿರು’ ಎಂದ ಕ್ಷಣ ಅದು ಅಪ್ಪಣೆಯಾಗುತ್ತದೆ. ಅಳಬೇಡ, ಅದನ್ನೆಲ್ಲ ಯೋಚಿಸಬೇಡ, ನಗ್ತಾ ಇರು, ಮನಸ್ಸು ಗಟ್ಟಿ ಇದ್ದರೆ ಅರ್ಧ ಕಾಯಿಲೆ ವಾಸಿ. ಹೀಗೆ ಹೇಳಿದವರಿಗೆ ತಮ್ಮ ಹೆದರಿಕೆಯಿಂದ ಬಿಡುಗಡೆ ಬೇಕಾಗಿರುತ್ತದೆ. ಅದನ್ನು ಹೊತ್ತುಕೊಳ್ಳುವ ಕೆಲಸವೂ ಮಲಗಿದವರ ಪಾಲಿಗೇ ಬರುತ್ತದೆ. ಒಂದು ಭಾನುವಾರ ಹನ್ನೊಂದು ಜನ ಬಂದು ಹೋದ ಮೇಲೆ ಅತ್ತೆ ಗೋಡೆಯ ಕಡೆ ತಿರುಗಿ ಮಲಗಿ ಹೇಳಿದ್ದು ನನಗೆ ನೆನಪಿದೆ: ‘ಬಂದೋರ ಮುಂದೆ ಗೆಲುವಾಗಿದ್ದು ಗೆಲುವಾಗಿದ್ದು ಸಾಕಾಯ್ತು ಕಣೋ.’ ಆಮೇಲೆ ನಾನು ಯಾರಿಗೂ ಆ ಮಾತನ್ನು ಅಪ್ಪಣೆಯಾಗಿ ಹೇಳಿಲ್ಲ.

ಕಾಯಿಲೆ ಮರಳಿತು. ಇನ್ನು ಕಿಮೊದಿಂದ ಉಪಯೋಗವಿಲ್ಲ ಎಂದು ವೈದ್ಯರು ಹೇಳಿದಾಗ ‘ಇನ್ನೇನೂ ಮಾಡೋಕಾಗಲ್ಲ’ ಎಂಬ ಮಾತು ಅವರ ಬಾಯಿಂದ ಬರಲಿಲ್ಲ, ಅದಕ್ಕೆ ನಾನು ಅವರಿಗೆ ಋಣಿ. ನೋವು ಕಡಿಮೆ ಮಾಡಬಹುದು, ಹೊಟ್ಟೆಯಲ್ಲಿ ತುಂಬಿದ ನೀರು ತೆಗೆಯಬಹುದು, ನಿದ್ದೆ ಬರಿಸಬಹುದು ಎಂದರು. ಕಾಗದದಲ್ಲಿ ಇದಕ್ಕೆ ಉಪಶಾಮಕ ಆರೈಕೆ ಎಂಬ ದೊಡ್ಡ ಹೆಸರಿದೆ. ಅದರಲ್ಲಿ ‘ಆರೈಕೆ’ ಮಾತ್ರ ಅತ್ತೆಗೆ ಅರ್ಥವಾಗುವ ಮಾತು, ಬಾಣಂತಿಯರಿಗೆ ಆಕೆ ಎಷ್ಟೋ ಸಲ ಮಾಡಿದ್ದದ್ದೇ. ಕಾಯಿಲೆ ವಾಸಿಯಾಗದವರಿಗಾಗಿಯೇ ಬೆಂಗಳೂರಿನಲ್ಲಿ ಕರುಣಾಶ್ರಯ ಎಂಬ ಮನೆಯಿದೆ, 1999ರಿಂದ ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದ್ದಾರೆ. ಅತ್ತೆಗೆ ಅಲ್ಲಿಗೆ ಹೋಗುವ ಅಗತ್ಯ ಬೀಳಲಿಲ್ಲ, ಆಕೆಗೆ ಊರಿಗೆ ಹೋಗಬೇಕಿತ್ತು. ಕರೆದುಕೊಂಡು ಹೋದೆವು.

ಅದು ಡಿಸೆಂಬರ್, ಸೊಗಡು ಅವರೆಯ ಕಾಲ. ಎದುರುಮನೆಯ ಗೆಳತಿ ದಿನಾ ಮಧ್ಯಾಹ್ನ ಬರುತ್ತಿದ್ದಳು. ಇಬ್ಬರೂ ಒಂದೇ ವರ್ಷ ಆ ಊರಿಗೆ ಮದುವೆಯಾಗಿ ಬಂದವರು. ಹೇಗಿದ್ದೀಯ ಎಂದು ಆಕೆ ಕೇಳಿದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ. ನೆನೆಸಿದ ಅವರೆಕಾಳಿನ ಪಾತ್ರೆ ತಂದು, ಮಂಚದ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತು, ಊರ ಸುದ್ದಿ ಹೇಳುತ್ತ ಒಂದೊಂದೇ ಕಾಳು ಹಿದುಕುತ್ತಿದ್ದಳು. ಒಂದು ದಿನ ಮೊರದ ಮೇಲೆ ಒಂದಿಷ್ಟು ಕಾಳು ಹಾಕಿ ಅತ್ತೆಯ ಮಗ್ಗುಲಿಗೆ ಇಟ್ಟಳು. ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅತ್ತೆಯ ಕೈ ಆ ಕಡೆ ಹೋಯಿತು.

ಸಂಜೆ ಬೆಂಗಳೂರಿನಿಂದ ಅಪ್ಪ ಫೋನು ಮಾಡಿದರು. ನನ್ನ ಕೈಲಿ ಹಾಲಿನ ಪಾತ್ರೆ ಇದ್ದುದರಿಂದ ಫೋನು ಎತ್ತಿಕೊಂಡವಳು ಗೆಳತಿ. ತಂಗಿ ಹೇಗಿದ್ದಾಳೆಂದು ಅಪ್ಪ ಕೇಳಿರಬೇಕು.

‘ಇವತ್ತು ಗೆಲುವಾಗವ್ಳೆ ಕಣಣ್ಣ. ಕೂತ್ಕಂಡು ಕಾಳು ಹಿದುಕಿದ್ಲು.’

ಮೊರದ ಮೂಲೆಯಲ್ಲಿ ಹದಿನಾಲ್ಕು ಬೇಳೆ ಇದ್ದವು. ಅವನ್ನು ಬೇರೆಯಾಗಿ ತೆಗೆದಿಡಬೇಕೆನ್ನಿಸಿತು. ಅಷ್ಟರಲ್ಲಿ ಗೆಳತಿ ಅವನ್ನೂ ಪಾತ್ರೆಗೆ ಸುರಿದು, ಸಾರಿಗೆ ಇಡಲು ಒಲೆಯ ಕಡೆ ಹೋದಳು.