ಮೂಗುಳ್ಳ ಬೆಟ್ಟ, ಮೂಗಿಲ್ಲದ ಡಾಲ್ಫಿನ್

ವಿಶಾಖಪಟ್ಟಣದ ಹಳೆಯ ಊರನ್ನು ಅಲ್ಲಿಯವರು ಒನ್ ಟೌನ್ ಎನ್ನುತ್ತಾರೆ. ಪೊಲೀಸ್ ಠಾಣೆಗಳಿಗೆ ಒಂದು, ಎರಡು, ಮೂರು ಎಂದು ಅಂಕಿ ಹಾಕಿದಾಗ ಅಂಟಿಕೊಂಡ ಹೆಸರು ಅದು. ವಿಜಯವಾಡದಲ್ಲೂ ಒಂದು ಒನ್ ಟೌನ್ ಇದೆ. ವಿಶಾಖಪಟ್ಟಣದ ಒನ್ ಟೌನಿನಲ್ಲಿ ಕುರುಪಾಂ ಮಾರ್ಕೆಟ್ಟಿನ ಇಕ್ಕಟ್ಟು ಗಲ್ಲಿಗಳಿವೆ, ಅಕ್ಕಪಕ್ಕದಲ್ಲೇ ಮೂರು ಗುಡ್ಡಗಳಿವೆ. ಒಂದರ ನೆತ್ತಿಯಲ್ಲಿ ಚರ್ಚು, ಇನ್ನೊಂದರಲ್ಲಿ ದರ್ಗಾ, ಮತ್ತೊಂದರಲ್ಲಿ ವೆಂಕಟೇಶ್ವರನ ಗುಡಿ. ಅಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಬಂದರಿನ ಕಾಲುವೆ. ಅದರಾಚೆ 174 ಮೀಟರ್ ಎತ್ತರದ ಬೆಟ್ಟವೊಂದು ಸಮುದ್ರದೊಳಕ್ಕೆ ಮೂತಿ ಚಾಚಿ ಮಲಗಿದೆ. ಆ ಚಾಚಿದ ಮೂತಿಯಿಂದಾಗಿಯೇ ಅದು ಡಾಲ್ಫಿನ್ಸ್ ನೋಸ್.

ವಾರದ ಕೊನೆಯಲ್ಲಿ ಈ ಊರಿನ ಗಂಡಹೆಂಡಿರು ಬೈಕು ಹತ್ತಿ ಹೋಗುವ ದಾರಿಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಆ ಬೆಟ್ಟದ ಬೆನ್ನು ಬಳಸಿ ಯಾರಾಡದ ಕಡಲತೀರ, ಉತ್ತರಕ್ಕೆ ಭೀಮಿಲಿ, ಮಕ್ಕಳಿದ್ದರೆ 1977ರಲ್ಲಿ ಶುರುವಾದ ಮೃಗಾಲಯ, ಎರಡು ದಿನ ಬಿಡುವಿದ್ದರೆ ಸುರಂಗಗಳನ್ನು ದಾಟಿ ಅರಕು ಕಣಿವೆಗೆ ಏರುವ ರೈಲು. ಪ್ರಾಣಿಗಳು ಕಂಡರೆ ಅದೊಂದು ಲಾಭ. ಫೋನಿನಲ್ಲಿ ಒಂದು ಚಿತ್ರ, ಊಟಕ್ಕೆ ಕೂತಾಗ ಒಂದು ಕಥೆ. ಆದರೆ ಇದೇ ಬೆಟ್ಟದ ಬುಡದಲ್ಲಿ, ಇದೇ ಬಂದರಿನ ನೀರಿನಲ್ಲಿ 1852ರಲ್ಲಿ ಸಿಕ್ಕ ಒಂದು ಪ್ರಾಣಿ ಜಗತ್ತಿನ ಜೀವಿಗಳ ಪಟ್ಟಿಯಲ್ಲಿ ಹೊಸ ಸಾಲನ್ನೇ ಸೇರಿಸಿತು. ಅದು ಡಾಲ್ಫಿನ್. ತಮಾಷೆಯೆಂದರೆ ಅದಕ್ಕೆ ಡಾಲ್ಫಿನ್ನಿನ ಮೂಗೇ ಇರಲಿಲ್ಲ.

ಅದರ ವಿವರವನ್ನು ಇಂಗ್ಲೆಂಡಿಗೆ ಮುಟ್ಟಿಸಿದವನ ಹೆಸರನ್ನು ಕನ್ನಡದ ಓದುಗರು ಬೇರೆ ಸಂದರ್ಭದಲ್ಲಿ ಕೇಳಿರುತ್ತಾರೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಗುಂಡೇಟಿಗೆ ಬಿದ್ದಾಗ ಚೆನ್ನಮ್ಮನ ಕಡೆಯವರು ಇಬ್ಬರು ಕಿರಿಯ ಅಧಿಕಾರಿಗಳನ್ನು ಸೆರೆಹಿಡಿದರಲ್ಲ, ಸ್ಟೀವನ್‌ಸನ್ ಮತ್ತು ಎಲಿಯಟ್, ಅವರಲ್ಲಿ ಎರಡನೆಯವನು. ವಾಲ್ಟರ್ ಎಲಿಯಟ್‌ಗೆ ಆಗ ಇಪ್ಪತ್ತೊಂದು ವರ್ಷ. ಕೆಲವು ವಾರ ಸೆರೆಯಲ್ಲಿದ್ದು ಜೀವಸಹಿತ ಹೊರಬಂದ. ಅಂಥ ಅನುಭವವಾದ ಮೇಲೆ ಬೇರೆಯವನಾಗಿದ್ದರೆ ಆ ಸೀಮೆಯಿಂದ ವರ್ಗ ಬೇಡುತ್ತಿದ್ದನೇನೋ. ಎಲಿಯಟ್ ಸುಮಾರು ಒಂಬತ್ತು ವರ್ಷ ಅಲ್ಲೇ ಉಳಿದ, ಕನ್ನಡ ಕಲಿತ, ಊರೂರು ಅಲೆದು ಶಾಸನಗಳ ಪ್ರತಿ ಮಾಡಿಸಿದ. ಹಾಗೆ ಕೂಡಿದ 595 ಶಾಸನಗಳ ಹಸ್ತಪ್ರತಿ ಮುಂದೆ ಫ್ಲೀಟ್‌ನಂಥವರು ಚಾಲುಕ್ಯರ ಇತಿಹಾಸ ಬರೆಯುವಾಗ ಕೈದೀವಿಗೆಯಾಯಿತು.

ಶಾಸನದ ಬೆನ್ನು ಹತ್ತಿ ಹೋದ ದಾರಿಯಲ್ಲೇ ಆತನಿಗೆ ಪ್ರಾಣಿಗಳೂ ಸಿಕ್ಕವು. 1839ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಧಾರವಾಡ ಸೀಮೆಯ ಸಸ್ತನಿಗಳ ಪಟ್ಟಿ ಪ್ರಕಟಿಸಿದ. ಆ ಪಟ್ಟಿಯ ಸೊಗಸು ಇರುವುದು ಅದರ ಹೆಸರುಗಳಲ್ಲಿ. ಚೀತಾವನ್ನು ಕನ್ನಡಿಗರು ಸಿವಂಗಿ ಎನ್ನುತ್ತಾರೆಂದು ಬರೆದಿಟ್ಟ. ಪೊದೆಯಲ್ಲಿ ಗೂಡು ಕಟ್ಟುವ ಒಂದು ಇಲಿಗೆ ಜನ ಗುಲಂದಿ ಎನ್ನುತ್ತಿದ್ದರು. ಲಂಡನ್ನಿನ ಪ್ರಾಣಿವಿಜ್ಞಾನಿ ಗ್ರೇ ಆ ಮಾತನ್ನೇ ತಿದ್ದಿ ಗೊಲುಂಡ ಎಂಬ ಕುಲನಾಮ ಮಾಡಿದ, ಜೊತೆಗೆ ಕಳಿಸಿದವನ ಹೆಸರು ಸೇರಿಸಿ ಗೊಲುಂಡ ಎಲಿಯಟಿ ಎಂದ. ಹಳ್ಳಿಯ ಹೆಣ್ಣುಮಗಳೊಬ್ಬಳು ಇಲಿಯನ್ನು ಬೈಯುತ್ತಾ ಆಡಿರಬಹುದಾದ ಕನ್ನಡದ ಒಂದು ಪದ ಇವತ್ತಿಗೂ ಜಗತ್ತಿನ ವಸ್ತುಸಂಗ್ರಹಾಲಯಗಳ ಚೀಟಿಗಳ ಮೇಲಿದೆ.

1826ರಲ್ಲಿ ಮಳೆ ಕೈಕೊಟ್ಟಾಗ ಇಲಿಗಳ ಇನ್ನೊಂದು ಜಾತಿ ವಿಪರೀತ ಹೆಚ್ಚಿತು. ಬಿತ್ತಿದ ಬೀಜ ಮೊಳೆಯುವ ಮೊದಲೇ ಮಾಯ. ಉಳಿದು ಬೆಳೆದ ಜೋಳದ ದಂಟನ್ನು ಏರಿ ತೆನೆಯನ್ನೇ ಕತ್ತರಿಸುತ್ತಿದ್ದವು. ರೈತರು ವಡ್ಡರನ್ನು ಕರೆಸಿ, ಇಷ್ಟು ಡಜನ್ನಿಗೆ ಇಷ್ಟು ಕಾಳು ಎಂದು ಅಳೆದು ಕೊಟ್ಟು ಸಾವಿರಾರು ಇಲಿ ಕೊಲ್ಲಿಸಿದರೂ ಕಾಟ ಇಳಿಯಲಿಲ್ಲ. ಎಲಿಯಟ್ ಇದನ್ನೆಲ್ಲ ಬರೆದಿದ್ದಾನೆ. ಆ ಇಲಿಗೆ ವಡ್ಡರು ಮೆಟ್ಟಾಡ ಎನ್ನುತ್ತಿದ್ದರು. ಲಂಡನ್ನು ಸೇರುವಷ್ಟರಲ್ಲಿ ಅದು ಮೆಲ್ಟಾಡ ಆಗಿ, ಹಾಗೆಯೇ ಶಾಸ್ತ್ರಕ್ಕೆ ಸೇರಿತು. ವಡ್ಡರ ಮನೆಮಾತು ತೆಲುಗಿನ ಒಂದು ಬಗೆ. ಅಂದರೆ ತೆಲುಗು ಸೀಮೆಗೆ ಕಾಲಿಡುವ ಎಷ್ಟೋ ಮೊದಲೇ, ಧಾರವಾಡದ ಜೋಳದ ಹೊಲದಲ್ಲಿ, ಎಲಿಯಟ್ ತೆಲುಗಿನ ಪ್ರಾಣಿನಾಮಗಳನ್ನು ಕೇಳಿಸಿಕೊಂಡಿದ್ದ.

1839ರಲ್ಲೇ ಮಾಲ್ಟಾ ದ್ವೀಪದಲ್ಲಿ ಆತನಿಗೂ ಮರಿಯಾ ಡೊರೊಥಿಯಾ ಹಂಟರ್ ಬ್ಲೇರ್‌ಗೂ ಮದುವೆಯಾಯಿತು. ಎಲಿಯಟ್‌ನ ಬಾಳಿನ ಬಗ್ಗೆ ಬರೆದವರು ಮರಿಯಾಳಿಗೆ ಕೊಟ್ಟಿರುವುದು ತಂದೆಯ ಹೆಸರು, ಮದುವೆಯ ವರ್ಷ ಇಷ್ಟೇ ಎನ್ನಬೇಕು. 1845ರಲ್ಲಿ ಆತನನ್ನು ಗುಂಟೂರಿಗೆ ವಿಶೇಷ ಕಮಿಷನರ್ ಆಗಿ ಕಳಿಸಿದರು. ಆ ವರ್ಷವೇ ಕೃಷ್ಣೆಯ ದಂಡೆಯ ಅಮರಾವತಿಯಲ್ಲಿ ಅಗೆಸಿ, ಸ್ತೂಪದ ಚಪ್ಪಡಿಗಳನ್ನು ಮದ್ರಾಸಿಗೆ ಸಾಗಿಸಿದ. ಮುಂದೆ ಲಂಡನ್ನಿಗೆ ಹೋಗಿ ಎಲಿಯಟ್ ಮಾರ್ಬಲ್ಸ್ ಎನಿಸಿಕೊಂಡವು ಅವೇ. ಉಳಿಸಿದನೋ ಕಿತ್ತೊಯ್ದನೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಅದು ಬೇರೆಯೇ ಪ್ರಬಂಧ. 1854ರವರೆಗೆ ಉತ್ತರ ಸರ್ಕಾರಗಳೆಂದು ಕರೆಸಿಕೊಳ್ಳುತ್ತಿದ್ದ ಇಡೀ ಕರಾವಳಿಗೆ ಆತ ಕಮಿಷನರ್ ಆಗಿದ್ದ. ಆ ದಿನಗಳ ಒಂದು ಭಾಗ ಕಳೆದದ್ದು ವಾಲ್ಟೇರ್‌ನಲ್ಲಿ.

ಇಂದು ವಾಲ್ಟೇರ್ ನಗರದ ನಡುವೆಯೇ ಇದೆ. ಆಗ ಅದು ಊರ ಹೊರಗೆ. ಈಗಿನ ಒನ್ ಟೌನ್ ಇರುವ ಜಾಗ ಕೋಟೆ, ಉಪ್ಪುನೀರಿನ ಜೌಗು, ಜನಜಂಗುಳಿಗಳ ವಿಶಾಖಪಟ್ಟಣ. ಮೂರು ಮೈಲಿ ಉತ್ತರಕ್ಕೆ ಕೆಂಪುಮಣ್ಣಿನ ದಿಬ್ಬಗಳ ಮೇಲೆ ಗಾಳಿಗೆ ಮೈಯೊಡ್ಡಿ ಬಿಳಿಯರ ಬಂಗಲೆಗಳು. ವೀಕೆಂಡ್ ಎಂಬ ಮಾತು ಇಂಗ್ಲಿಷಿನಲ್ಲಿ ಇಂದಿನ ಅರ್ಥದಲ್ಲಿ ಚಾಲ್ತಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ಅದಕ್ಕೂ ಮೊದಲು ವಾಲ್ಟೇರ್ ಒಂದು ಬಗೆಯ ಮುಗಿಯದ ವೀಕೆಂಡ್ ಆಗಿತ್ತು. ಕಚೇರಿ ಅಲ್ಲಿ, ಬಿಡುವು ಇಲ್ಲಿ. ದಿಬ್ಬ ಇಳಿದರೆ ಮರಳು, ಮರಳಿನ ಮೇಲೆ ಬೆಸ್ತರ ದೋಣಿಗಳು.

ಬೆಸ್ತರ ಬಲೆಯ ಮುಂದೆ ಕಾಗದ ಹಿಡಿದು ಕೂತವರಲ್ಲಿ ಎಲಿಯಟ್ ಮೊದಲಿಗನಲ್ಲ. ಅವನಿಗಿಂತ ಆರು ದಶಕಗಳಷ್ಟು ಹಿಂದೆ ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ, ತಮ್ಮ ಕ್ಲಾಡ್‌ಗೆ ವಿಶಾಖಪಟ್ಟಣದ ಆಡಳಿತ ಸಿಕ್ಕಿತೆಂದು ಅವನ ಸಂಸಾರದ ಜೊತೆ ಬಂದು ಇಲ್ಲೇ ನೆಲೆಸಿದ್ದ. ಯಾವ ಹಾವು ವಿಷದ್ದು, ಯಾವುದು ಅಲ್ಲ ಎಂದು ಜನಸಾಮಾನ್ಯರು ಗುರುತಿಸಲು ಆಗಬೇಕೆಂಬುದು ಅವನ ಹಟ. ಹಾವು ತರಿಸಿದ, ಹಲ್ಲು ಪರೀಕ್ಷಿಸಿದ, ನಾಯಿ ಕೋಳಿಗಳಿಗೆ ಕಚ್ಚಿಸಿ ನೋಡಿದ. ಆ ನಾಯಿಗಳ ಪಾಡನ್ನು ನೆನೆದರೆ ಇಂದಿನ ಓದುಗರಿಗೆ ಮೈ ಜುಂ ಎನ್ನುತ್ತದೆ. 1796ರಲ್ಲಿ ಅಚ್ಚಾದ ಅವನ ಹಾವಿನ ಪುಸ್ತಕದಲ್ಲಿ ನಮ್ಮ ಕೊಳಕುಮಂಡಲಕ್ಕೆ ಇರುವ ಹೆಸರು ಕಾಟುಕ ರೇಕುಲ ಪೊಡ. ಕಾಟುಕ ಎಂದರೆ ಕಾಡಿಗೆ, ರೇಕು ಎಂದರೆ ಎಸಳು. ಮೈಮೇಲೆ ಕಾಡಿಗೆಯಲ್ಲಿ ಎಸಳು ಬರೆದಂತಿರುವ ಹಾವು. ಇಷ್ಟು ಚೆಂದದ ಹೆಸರನ್ನು ಬಿಟ್ಟು ಲೋಕ ಅದನ್ನು ರಸೆಲ್‌ನ ಮಂಡಲವೆಂದೇ ಕರೆಯಿತು. ಬಂಗಾರು ಮಾತ್ರ ಬಚಾವಾಯಿತು: ಹಳದಿ ಪಟ್ಟೆಯ ಕಟ್ಟುಹಾವಿಗೆ ರಸೆಲ್ ಬರೆದುಕೊಂಡ ಬಂಗಾರು ಪಾಮು ಎಂಬ ಹೆಸರಿನಿಂದ ಬಂಗಾರಸ್ ಎಂಬ ಕುಲನಾಮ ಹುಟ್ಟಿತು. 1803ರಲ್ಲಿ ಅವನ ಇನ್ನೂರು ಮೀನುಗಳ ಪುಸ್ತಕ ಬಂದಾಗಲೂ ಹೆಸರುಗಳು ವಿಶಾಖಪಟ್ಟಣದ ಬೆಸ್ತರವು, ಚಿತ್ರಗಳು ಇಲ್ಲಿಯ ಕಲಾವಿದನವು.

ಎಲಿಯಟ್‌ನದೂ ಇದೇ ದಾರಿ. ಸಮುದ್ರದಿಂದ ಬಂದ ಪ್ರಾಣಿಗಳ ಚಿತ್ರ ಬರೆಸುವುದು, ತಲೆಬುರುಡೆ ತೆಗೆದಿಡುವುದು, ಹೆಸರು ಕೇಳಿ ಬರೆದುಕೊಳ್ಳುವುದು. ಹೀಗೆ ಕೂಡಿಸಿದ್ದರಲ್ಲಿ ತಿಮಿಂಗಿಲ ಮತ್ತು ಡಾಲ್ಫಿನ್‌ಗಳಿಗೆ ಸೇರಿದ್ದನ್ನು ಊರಿಗೆ ಮರಳಿದ ಮೇಲೆ ರಿಚರ್ಡ್ ಓವನ್‌ಗೆ ಕೊಟ್ಟ. ಡೈನೋಸಾರ್ ಎಂಬ ಪದವನ್ನು ಲೋಕಕ್ಕೆ ಕೊಟ್ಟ ಓವನ್ನನೇ ಇವನು. 1866ರಲ್ಲಿ ಪ್ರಕಟವಾದ ಆತನ ಲೇಖನದಲ್ಲಿ ಬಂದರಿನಲ್ಲಿ ಸಿಕ್ಕ ಆ ಡಾಲ್ಫಿನ್ನಿಗೆ ಬ್ರೆವಿರೊಸ್ಟ್ರಿಸ್ ಎಂಬ ಹೆಸರು ಬಿತ್ತು. ಲ್ಯಾಟಿನ್ನಿನಲ್ಲಿ ಅದರ ಅರ್ಥ ಗಿಡ್ಡಮೂತಿ. ಚೆಂಡಿನಂತೆ ಉಬ್ಬಿದ ಹಣೆ, ಬೆನ್ನ ಮೇಲೆ ಹೆಸರಿಗೊಂದು ಪುಟ್ಟ ರೆಕ್ಕೆ, ನಗುತ್ತಿರುವಂಥ ಬಾಯಿ, ಕೊಕ್ಕಿನಂಥ ಮೂತಿ ಮಾತ್ರ ಇಲ್ಲ. ಅದೇ ಲೇಖನದಲ್ಲಿ ವಾಲ್ಟೇರ್‌ನ ಇನ್ನೊಂದು ಹೊಸ ಪ್ರಾಣಿ, ಮೂರು ಮೀಟರಿಗಿಂತ ಗಿಡ್ಡನೆಯ ಕುಬ್ಜ ತಿಮಿಂಗಿಲ. ಬೆದರಿದರೆ ಕಂದುಗೆಂಪು ದ್ರವ ಚಿಮ್ಮಿಸಿ ನೀರು ಕದಡಿ ಪರಾರಿಯಾಗುವ ಜೀವಿ. ಅದಕ್ಕೆ ಓವನ್ ಸೀಮಸ್ ಎಂದ. ಅಂದರೆ ಚಪ್ಪಟೆ ಮೂಗಿನದು. ಡಾಲ್ಫಿನ್ನಿನ ಮೂಗಿಗೆ ಹೆಸರಾದ ಊರಿನಿಂದ ಹೋದ ಎರಡು ಪ್ರಾಣಿಗಳಿಗೆ ಮೂಗು ಸಾಲದೆಂದೇ ನಾಮಕರಣ ಆಯಿತು. ಓವನ್‌ಗೆ ಆ ಬೆಟ್ಟದ ಹೆಸರು ಗೊತ್ತಿದ್ದಿದ್ದರೆ ನಕ್ಕಿರುತ್ತಿದ್ದ.

ಗಿಡ್ಡಮೂತಿಯ ಡಾಲ್ಫಿನ್ ಬಂದರಿಗೇ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಅದಕ್ಕೆ ಬೇಕಾದ್ದು ನಡುಸಮುದ್ರವಲ್ಲ, ಸಿಹಿನೀರೂ ಉಪ್ಪುನೀರೂ ಬೆರೆಯುವ ಅಳಿವೆ, ಕೆಸರು ತಳದ ಹಿನ್ನೀರು. 1852ರ ವಿಶಾಖಪಟ್ಟಣದ ಬಂದರು ಅಂಥದ್ದೇ. ದೊಡ್ಡ ಹಡಗುಗಳು ಒಳಗೆ ಬರುತ್ತಿರಲಿಲ್ಲ. ಅವು ಹೊರಗೆ ಸಮುದ್ರದಲ್ಲೇ ಲಂಗರು ಹಾಕಿ ನಿಲ್ಲುತ್ತಿದ್ದವು. ಭರತ ಬಂದಾಗ ತುಂಬಿ ಇಳಿತದಲ್ಲಿ ಬತ್ತುವ ಜೌಗನ್ನು ಅಗೆದು, ಕಾಲುವೆ ಕೊರೆದು, ಅಲೆ ತಡೆಯಲು ಎರಡು ಹಳೆಯ ಹಡಗುಗಳನ್ನೇ ಮುಳುಗಿಸಿ, ಈಗಿನ ಬಂದರು ಕಟ್ಟಿದ್ದು ಮುಂದಿನ ಶತಮಾನದಲ್ಲಿ. 1933ರ ಅಕ್ಟೋಬರಿನಲ್ಲಿ ಜಲದುರ್ಗ ಎಂಬ ಹಡಗು ಒಳಗೆ ಬಂತು, ಡಿಸೆಂಬರಿನಲ್ಲಿ ವೈಸರಾಯ್ ವಿಲಿಂಗ್ಡನ್ ಬಂದು ಉದ್ಘಾಟಿಸಿದ. ಮ್ಯಾಂಗನೀಸ್ ಬಂತು, ಕಬ್ಬಿಣದ ಅದಿರು ಬಂತು. ಅರಕುವಿಗೆ ಇಂದು ಪ್ರವಾಸಿಗರನ್ನು ಒಯ್ಯುವ ಹಳಿಗಳನ್ನೂ ಹಾಕಿದ್ದು 1960ರ ದಶಕದಲ್ಲಿ ಜಪಾನಿಗೆ ಅದಿರು ಕಳಿಸಲೆಂದು. ಕಣಿವೆಯ ಸೊಬಗು ಆ ಲೆಕ್ಕದಲ್ಲಿ ಇರಲಿಲ್ಲ.

ಡಾಲ್ಫಿನ್ನಿಗೆ ಊರಿನ ಹೆಸರೂ ದಕ್ಕಲಿಲ್ಲ. ಓವನ್ ಬರೆದ ಕೆಲವೇ ವರ್ಷಗಳಲ್ಲಿ ಜಾನ್ ಆಂಡರ್ಸನ್ ಎಂಬಾತ ಬರ್ಮಾದ ಐರಾವತಿ ನದಿಯಲ್ಲಿ ಇಂಥದ್ದೇ ಡಾಲ್ಫಿನ್‌ಗಳನ್ನು ಕಂಡು ಬೇರೆ ಜಾತಿಯೆಂದು ಸಾರಿದ. ಅವು ಬೇರೆಯಲ್ಲ, ಒಂದೇ ಎಂದು ಆಮೇಲೆ ತಿಳಿಯಿತು. ಶಾಸ್ತ್ರೀಯ ಹೆಸರಿನಲ್ಲಿ ಓವನ್‌ನ ಗಿಡ್ಡಮೂತಿ ಗೆದ್ದಿತು, ಬಳಕೆಯ ಹೆಸರಿನಲ್ಲಿ ನದಿ ಗೆದ್ದಿತು. ಈಗ ಜಗತ್ತಿಗೆಲ್ಲ ಅದು ಐರಾವತಿ ಡಾಲ್ಫಿನ್. ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಆಂಧ್ರದ ಗಡಿಯಾಚೆ ಒಡಿಶಾದ ಚಿಲಿಕಾ ಸರೋವರದಲ್ಲಿ ಸುಮಾರು ನೂರೈವತ್ತು ಉಳಿದಿವೆ. ವಿಶಾಖಪಟ್ಟಣದ ದಂಪತಿಗಳು ಒಂದು ರಜೆ ಸೇರಿಸಿಕೊಂಡು ಅಲ್ಲಿಗೂ ಹೋಗುತ್ತಾರೆ. ಸಾತಪಡಾದಲ್ಲಿ ದೋಣಿ ಹತ್ತಿ, ಎಂಜಿನ್ನಿನ ಗದ್ದಲದ ನಡುವೆ ಒಂದು ಬೂದುಬಣ್ಣದ ಬೆನ್ನು ಮೇಲೇಳುವುದನ್ನೇ ಕಾಯುತ್ತಾರೆ. ಅದು ತಮ್ಮ ಊರಿನ ಬಂದರಿನಿಂದಲೇ ಶಾಸ್ತ್ರಕ್ಕೆ ಸೇರಿದ ಪ್ರಾಣಿ ಎಂದು ದೋಣಿಯಲ್ಲಿ ಯಾರೂ ಹೇಳುವುದಿಲ್ಲ.

ಓವನ್‌ನ ಲೇಖನದ ದಾಖಲೆಗಳಲ್ಲಿ ಮರಿಯಾ ಇಲ್ಲ, ಬಲೆ ಎಳೆದವರ ಹೆಸರಿಲ್ಲ. ಆದರೆ ಬೆಸ್ತರ ಮಾತು ಇದೆ. ಚಪ್ಪಟೆ ಮೂಗಿನ ಕುಬ್ಜ ತಿಮಿಂಗಿಲಕ್ಕೆ ಅವರು ವೊಂಗು ಎಂದಿದ್ದರು. ಇನ್ನೊಂದು ಡಾಲ್ಫಿನ್ನಿಗೆ ಸುವ್ವ. ಮೈತುಂಬ ಚುಕ್ಕೆಗಳಿದ್ದದ್ದು ಬೊಲ್ಲ ಗದಿಮಿ. ತೆಲುಗಿನಲ್ಲಿ ಬೊಲ್ಲಿ ಎಂದರೆ ಮೈಮೇಲಿನ ಬಿಳಿಮಚ್ಚೆ. ಈ ಜನ ಡಾಲ್ಫಿನ್ ಎಂಬ ಒಂದೇ ಪದದಿಂದ ತೃಪ್ತರಾಗಿರಲಿಲ್ಲ, ಒಂದೊಂದನ್ನೂ ಬೇರೆಯಾಗಿ ನೋಡಿದ್ದರು. ಗದಮು ಎಂಬುದನ್ನಂತೂ ಓವನ್ ಹಾಗೆಯೇ ಎತ್ತಿಕೊಂಡು ಡೆಲ್ಫಿನಸ್ ಗದಮು ಎಂದು ಹೊಸ ಜಾತಿಗೆ ಇಟ್ಟುಬಿಟ್ಟ. ಮುಂದೆ ಅದು ಹೊಸತಲ್ಲವೆಂದು, ಮೂರು ದಶಕ ಮೊದಲೇ ಕೆಂಪು ಸಮುದ್ರದಿಂದ ವರ್ಣಿತವಾದ ಜಾತಿಯೇ ಎಂದು ಗೊತ್ತಾಯಿತು. ಮೊದಲು ಇಟ್ಟ ಹೆಸರಿಗೇ ಹಕ್ಕು ಎಂಬುದು ಈ ಶಾಸ್ತ್ರದ ಕಾನೂನು. ಹಾಗಾಗಿ ಗದಮು ಇಂದು ರದ್ದಾದ ಹೆಸರುಗಳ ಸಾಲಿನಲ್ಲಿದೆ, ಓವನ್, 1866 ಎಂಬ ಒಕ್ಕಣೆಯೊಂದಿಗೆ.